ಚಳಿಗೆ ಅವರೆಬೇಳೆಯೋ, ಹುರುಳಿಕಟ್ಟೋ?

ಧನುರ್ಮಾಸದ ಥಂಡಿ ಗಾಳಿ ಶುರುವಾದರೆ ಚಿಕ್ಕಬಳ್ಳಾಪುರದ ಕಡೆ ರಾತ್ರಿಗೆ ಬಿಸಿ ಮುದ್ದೆ ಖಚಿತ. ಜೊತೆಗೆ ಹಿದುಕಿದ ಅವರೆಬೇಳೆ ಸಾರೋ, ಹುರುಳಿಕಟ್ಟಿನ ಸಾರೋ?

ರುಚಿಯಲ್ಲಿ ಅವರೆಗೆ ಎದುರಿಲ್ಲ. ಇಬ್ಬನಿಯಲ್ಲಿ ಬಲಿತ ಕಾಯಿಯ ಸೊಗಡು ಬಿಡಿಸಿದವರ ಬೆರಳಿಗೆ ಅಂಟಿಕೊಂಡು ಬೇಗ ಬಿಡುವುದಿಲ್ಲ. ಆದರೆ ಕೆಲಸ ಬಹಳ. ಸುಲಿದ ಕಾಳನ್ನು ರಾತ್ರಿಯಿಡೀ ನೆನೆಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ಹಿಸುಕಿದರೆ ಹಸಿರು ಬೇಳೆ ಸಿಪ್ಪೆ ಬಿಟ್ಟು ಚಿಮ್ಮುತ್ತದೆ. ಮನೆಮಂದಿ ಕೈಜೋಡಿಸದಿದ್ದರೆ ಸಾರಾಗುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಹಿದುಕಿದ ಬೇಳೆಯನ್ನೇ ಕೊಳ್ಳಬಹುದು. ಕಾಯಿಗಿಂತ ದುಬಾರಿ, ಆದರೂ ತಪ್ಪಿಲ್ಲ. ಎಳೆಯ ಬೇಳೆ ಕುಕ್ಕರಿನಲ್ಲಿ ಕರಗಿಹೋಗುತ್ತದೆ, ತೆರೆದ ಪಾತ್ರೆಯಲ್ಲೇ ಬೇಯಿಸಿ.

ಹುರುಳಿ ಬಡವರ ಕಂಬಳಿ. ವರ್ಷವಿಡೀ ಸಿಗುತ್ತದೆ, ಕುಕ್ಕರಿನಲ್ಲಿ ಎರಡು ಕೂಗು ಹೆಚ್ಚಾದರೂ ಕೆಡುವುದಿಲ್ಲ. ಬಸಿದ ಕಟ್ಟಿಗೆ ಹುಣಸೆ, ಮೆಣಸು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ, ಕಾಳು ಪಲ್ಯಕ್ಕೆ. ಮಾರನೆಯ ದಿನ ಮತ್ತೆ ಕುದಿಸಿದ ಸಾರು ಇನ್ನೂ ರುಚಿ. ಮೂಗು ಕಟ್ಟಿದವರಿಗೆ ನನ್ನ ಮತ ಇದಕ್ಕೇ. ಉಷ್ಣವೆಂದು ಹಿರಿಯರು ಗೊಣಗುವುದು ಬೇಸಿಗೆಯ ಮಾತು.

ಭಾನುವಾರ ಬಿಡುವಿದ್ದರೆ ಅವರೆ, ದುಡಿದು ಬಂದ ಸಂಜೆಗೆ ಹುರುಳಿ.

ಕುಡಿಯುವುದಕ್ಕೆ? ಗಂಟಲು ಕೆರೆಯುತ್ತಿದ್ದರೆ ಶುಂಠಿ, ಮೆಣಸು, ಬೆಲ್ಲದ ಕಷಾಯ. ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಬೆಳಿಗ್ಗೆ ಬೇಗ ಹೊರಡುವವರಿಗೆ ರಾಗಿ ಗಂಜಿಯೇ ಮೇಲು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ನಂತರ ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುವುದಿಲ್ಲ.