ನಾಲ್ಕು ಪಿಸ್ಟನ್ ಬ್ರೇಕ್ ಕಿಟ್: ಎರಡು ವರ್ಷ ಓಡಿಸಿದ ಮೇಲೆ

ಮುಂದಿನ ಚಕ್ರಗಳಿಗೆ ನಾಲ್ಕು ಪಿಸ್ಟನ್ನಿನ ಫಿಕ್ಸೆಡ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ), ಗೀರು ಕೊರೆದ 330 ಮಿ.ಮೀ. ವೆಂಟಿಲೇಟೆಡ್ (ಒಳಗೆ ಗಾಳಿ ಹಾಯುವ) ಡಿಸ್ಕ್, ಹೊಸ ಹೋಸ್, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್. ಈಗ ಇರುವುದು ಎರಡನೇ ಸೆಟ್ ಪ್ಯಾಡ್. ಒಂದು ಸಲ ಜೋರಾಗಿ ಬ್ರೇಕ್ ಒತ್ತಿದರೆ ಕಾರು ನಿಲ್ಲುವ ದೂರ ಮೊದಲಿಗಿಂತ ಹೆಚ್ಚೇನೂ ಕಡಿಮೆಯಾಗಿಲ್ಲ. ಕಂಪನಿ ಬ್ರೇಕ್ ಕೂಡ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಏಳುವಷ್ಟು ಹಿಡಿಯುತ್ತಿತ್ತು, ಅಲ್ಲಿಂದಾಚೆ ಎಲ್ಲಾ ಟೈರಿನ ಹಿಡಿತದ ಮೇಲೆ. ದುಡ್ಡು ಸಾರ್ಥಕವಾಗುವುದು ಉದ್ದದ ಇಳಿಜಾರಿನಲ್ಲಿ ಹತ್ತನೇ ಸಲ ಒತ್ತಿದಾಗ: ಪೆಡಲ್ ಮೊದಲ ಸಲದಷ್ಟೇ ಗಟ್ಟಿ. ಊರೊಳಗೆ ಮಾತ್ರ ಓಡುವ ಕಾರಿಗೆ ಒಳ್ಳೆಯ ಪ್ಯಾಡ್, ಹೊಸ ಆಯಿಲ್ ಧಾರಾಳ ಸಾಕು.

1,500 ಕೆಜಿ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 580 ಕಿಲೋಜೌಲ್ ಶಾಖ ಹುಟ್ಟುತ್ತದೆ. 140ರಿಂದಾದರೆ ಹತ್ತಿರಹತ್ತಿರ ಎರಡರಷ್ಟು. ಹೆಚ್ಚಿನ ಪಾಲು ಮುಂದಿನ ಡಿಸ್ಕ್‌ಗಳ ಮೇಲೇ ಬೀಳುತ್ತದೆ. ಡಿಸ್ಕ್ ಭಾರವಾದಷ್ಟೂ ಅದೇ ಶಾಖಕ್ಕೆ ಕಡಿಮೆ ಕಾಯುತ್ತದೆ. ಒಳಗಿನ ರೆಕ್ಕೆಗಳು ನಡುವಿನಿಂದ ಗಾಳಿ ಎಳೆದು ಅಂಚಿಗೆ ತಳ್ಳುತ್ತವೆ. ರೆಕ್ಕೆ ಬಾಗಿದ್ದರೆ ಎಡದ ಡಿಸ್ಕ್ ಬೇರೆ, ಬಲದ್ದು ಬೇರೆ. ಮೇಲಿನ ಗೀರು ನೋಡಿ ದಿಕ್ಕು ನಿರ್ಧರಿಸಬೇಡಿ, ರೆಕ್ಕೆ ನೋಡಿ: ಡಿಸ್ಕಿನ ಮೇಲ್ಭಾಗದಲ್ಲಿ ಅವು ಹೊರಗೆ ಬರುತ್ತಾ ಕಾರಿನ ಹಿಂದಕ್ಕೆ ವಾಲಿರಬೇಕು.

ಬಹಳ ಮಂದಿ ಎಡವುವುದು ಜೋಡಣೆಯಲ್ಲಿ. ಡಿಸ್ಕ್ ಕೂರುವ ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಡಿಸ್ಕ್ ಕೂರಿಸಿ, ನಟ್ ಬಿಗಿದು, ಓಲಾಟ ಅಳೆಯುವ ಡಯಲ್ ಗೇಜ್ ಹಿಡಿದು ತಿರುಗಿಸಿ, ಅದು 0.05 ಮಿ.ಮೀ. ದಾಟಬಾರದು. ಒಂದು ಚೂರು ತುಕ್ಕು ಅಡಿಯಲ್ಲಿ ಉಳಿದರೂ ಪ್ಯಾಡ್ ಪ್ರತಿ ಸುತ್ತಿಗೂ ಅದೇ ಜಾಗ ತಾಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದಮೇಲೆ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬಾಗಿದೆ ಎಂದು ಬೈಸಿಕೊಳ್ಳುತ್ತದೆ. ಬಾಗಿರುವುದಿಲ್ಲ, ದಪ್ಪ ಏರುಪೇರಾಗಿರುತ್ತದೆ.

ಹೊಸ ಪ್ಯಾಡ್ ಪಳಗಿಸಲು, ಖಾಲಿ ರಸ್ತೆಯಲ್ಲಿ 100ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಹತ್ತು ನಿಮಿಷ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ. ಪ್ಯಾಡ್ ತಯಾರಕರ ಕ್ರಮ ಬೇರೆ ಇದ್ದರೆ ಅದನ್ನೇ ಪಾಲಿಸಿ. ಸರಿಯಾಗಿದ್ದರೆ ಡಿಸ್ಕ್ ಮೇಲೆ ಒಂದೇ ಸಮನೆ ಬೂದುಬಣ್ಣದ ತೆಳು ಪದರ ಕಾಣುತ್ತದೆ. ಕಾದ ಬ್ರೇಕನ್ನು ಒತ್ತಿಹಿಡಿದು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ, ನಡುಕ ಅಲ್ಲಿಂದಲೂ ಶುರುವಾಗುತ್ತದೆ.

ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿಕೊಂಡ ಮೇಲೆ ಆ ಮಿತಿ 155. ಕುದಿದರೆ ಆವಿ ಅಮುಕಿಹೋಗಿ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಕೊರತೆಗಳೂ ಇವೆ. ಗೀರುಗಳು ಪ್ಯಾಡನ್ನು ಬೇಗ ಸವೆಸುತ್ತವೆ, ರಿಮ್ ತುಂಬಾ ಕಪ್ಪು ಪುಡಿ, ಬೆಳಗಿನ ತಣ್ಣನೆಯ ಬ್ರೇಕ್ ಕಿರುಗುಟ್ಟುತ್ತದೆ. ಮುಖ್ಯವಾಗಿ, ಡಿಕ್ಕಿಯಲ್ಲಿರುವ ಸ್ಟೆಪ್ನಿ ಈ ಕ್ಯಾಲಿಪರ್ ಮೇಲೆ ಕೂರುವುದಿಲ್ಲ. ಮುಂದಿನ ಟೈರ್ ಪಂಕ್ಚರ್ ಆದರೆ ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ, ಹಿಂದಿನ ಚಕ್ರವನ್ನು ಮುಂದಕ್ಕೆ ತರಬೇಕು.