ರಾಯಚೂರಿನ ಮನೆಗೆ ಯಾವುದು: ಮೋಟೋರೊ ತೊರಕೆಯೋ, ಮಂಗೋಲಿಯನ್ ಜರ್ಬಿಲ್ಲೋ?

ಮೋಟೋರೊ ತೊರಕೆ ದಕ್ಷಿಣ ಅಮೆರಿಕದ ಚಪ್ಪಟೆ ನದಿಮೀನು. ಅಂಗಡಿಯಲ್ಲಿ ತಟ್ಟೆಯಷ್ಟಿರುವ ಮರಿ ಬೆಳೆದು ಅರ್ಧ ಮೀಟರ್ ಅಗಲವಾಗಬಹುದು. ಸಾಮಾನ್ಯ ಅಕ್ವೇರಿಯಂ ಸಾಲದು, ದೊಡ್ಡ ತೊಟ್ಟಿಯೇ ಬೇಕು. ಬಾಲದಲ್ಲಿ ವಿಷದ ಮುಳ್ಳು ಬೇರೆ! ನಲ್ಲಿನೀರಿನ ಕ್ಲೋರಿನ್ ಆಗಿಬರುವುದಿಲ್ಲ. ನೀರು 24ರಿಂದ 28 ಡಿಗ್ರಿಯಲ್ಲಿರಬೇಕು. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಫಿಲ್ಟರ್, ನೀರು ತಂಪಾಗಿಸುವ ಚಿಲ್ಲರ್ ನಿಂತರೆ ಕಥೆ ಮುಗಿಯಿತು.

ಜರ್ಬಿಲ್ ಇಲಿಯಂಥ, ಒಣನಾಡಿನ ಪುಟ್ಟ ಜೀವಿ. ನೀರು ಕಡಿಮೆ ಕುಡಿಯುತ್ತದೆ, ಉಚ್ಚೆಯೂ ಕಡಿಮೆ, ಹಾಗಾಗಿ ವಾಸನೆ ಜಾಸ್ತಿ ಇಲ್ಲ. ಬಿಲ ತೋಡಲು ದಪ್ಪ ಹಾಸು ಹಾಕಿ. ಒಂಟಿಯಾಗಿ ಸಾಕಬೇಡಿ. ಎರಡೂ ಹೆಣ್ಣಾಗಿರಲಿ, ಇಲ್ಲವೇ ಎರಡೂ ಗಂಡು. ಬಾಲ ಹಿಡಿದು ಎತ್ತಿದರೆ ಬಾಲದ ಚರ್ಮ ಕಿತ್ತು ಬರಬಹುದು, ಮಕ್ಕಳಿಗೆ ಮೊದಲೇ ಹೇಳಿ. ಒಣನಾಡಿನದು ಅಂತ ನಮ್ಮ 40 ಡಿಗ್ರಿ ಬಿಸಿಲು ತಡೆಯುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಅದು ತಂಪಾದ ಬಿಲ ಸೇರಿಕೊಳ್ಳುತ್ತದೆ, ಇಲ್ಲಿ ತಂಪು ಕೋಣೆ ನೀವೇ ಕೊಡಬೇಕು.

ನನ್ನ ಮತ ಜರ್ಬಿಲ್‌ಗೆ. ಆಯುಷ್ಯ ಮಾತ್ರ ಮೂರು-ನಾಲ್ಕು ವರ್ಷ.