ಟೊಮೆಟೊ ಬೇರಿಗೆ ಮೂರು ಶಿಲೀಂಧ್ರ: ಯಾವುದು ಯಾವ ಹುಳುವಿಗೆ?

ಮೈಕೊರೈಜಾ, ಟ್ರೈಕೋಡರ್ಮಾ, ಮೆಟಾರೈಜಿಯಂ. ಅಂಗಡಿಯಲ್ಲಿ ಮೂರೂ ಪೊಟ್ಟಣ ಒಂದೇ ಸಾಲಿನಲ್ಲಿ ಕೂತಿರುತ್ತವೆ, ಮೂರರ ಮೇಲೂ ‘ಜೈವಿಕ’ ಎಂದೇ ಇರುತ್ತದೆ. ಟೊಮೆಟೊದಲ್ಲಿ ಅಕ್ಕಪಕ್ಕದ ಸಾಲಿಗೆ ಹಾಕಿ ನೋಡಿದಾಗ ಮಾತ್ರ ಒಂದರ ಕೆಲಸ ಇನ್ನೊಂದು ಮಾಡದು ಎಂದು ಗೊತ್ತಾಗುತ್ತದೆ.

ಮೈಕೊರೈಜಾ ಜೀವಂತ ಬೇರಿನ ಆಸರೆಯಲ್ಲಿ ಮಾತ್ರ ಬೆಳೆಯುತ್ತದೆ. ಗಿಡಕ್ಕೆ ರಂಜಕ ಒದಗಿಸಿ, ಬದಲಿಗೆ ಸಕ್ಕರೆ ಪಡೆಯುತ್ತದೆ. ಹಾಗಾಗಿ ಕೊಡುವ ಹೊತ್ತು ಸಸಿ ಬೆಳೆಸುವ ಟ್ರೇ ಹಂತವೇ. 98 ಗುಣಿಯ ಟ್ರೇಗೆ ಸುಮಾರು 100 ಗ್ರಾಂ, ಗುಣಿಗೆ ಒಂದು ಚಿಟಿಕೆಯಂತೆ ಬೀಜದ ಕೆಳಗೇ ಬೀಳಬೇಕು. ಮೇಲೆ ಉದುರಿಸಿದರೆ ಬೇರಿಗೆ ಸಿಗುವುದೇ ಇಲ್ಲ. ಶಿಲೀಂಧ್ರ ಬೇರಿನೊಳಗೆ ನೆಲೆಸಲು ಮೂರು ವಾರ ಬೇಕು. ಆ ಮೇಲೆ ಗಿಡದ ರಕ್ಷಣೆ ಚುರುಕಾಗುತ್ತದೆ: ಹುಳು ಎಲೆ ಕಡಿದಾಗ ಜಾಸ್ಮೋನಿಕ್ ಆಮ್ಲದ (ಗಿಡದ ರಕ್ಷಣಾ ಹಾರ್ಮೋನು) ಹಾದಿಯ ಪ್ರತಿಕ್ರಿಯೆ ಬೇಗ, ಜೋರಾಗಿ ಬರುತ್ತದೆ. ಚೀನಾದ ಸಂಶೋಧಕರು 2013ರಲ್ಲಿ ಟೊಮೆಟೊ ಮತ್ತು ಕಾಯಿಕೊರಕ ಹುಳುವಿನಲ್ಲೇ ಇದನ್ನು ತೋರಿಸಿದ್ದಾರೆ. ಆದರೆ ಸಸ್ಯಹೇನಿನಂಥ ರಸ ಹೀರುವ ಕೀಟಕ್ಕೆ ಅದೇ ಹುಲುಸಾದ ಗಿಡ ಒಳ್ಳೆಯ ಊಟವಾಗಿಬಿಡುವುದೂ ಉಂಟು. ನಿಮ್ಮ ತೊಂದರೆ ಬಿಳಿನೊಣ ಹರಡುವ ಎಲೆ ಮುದುಡು ರೋಗವಾದರೆ ಇದನ್ನು ನಂಬಿ ಕೂರಬೇಡಿ, ನರ್ಸರಿಗೆ ನೆಟ್ ಕಟ್ಟಿ.

ಮೈಕೊರೈಜಾ ಕೆಲಸ ಮಾಡದಿದ್ದರೆ ಮೊದಲ ಅನುಮಾನ ರಂಜಕದ ಗೊಬ್ಬರ ಡಿಎಪಿ ಮೇಲೆ. ಬುಡದಲ್ಲಿ ರಂಜಕ ಧಾರಾಳವಾಗಿ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಬಾಗಿಲು ತೆರೆಯುವುದಿಲ್ಲ. ಎರಡನೆಯದು ಟ್ರೇಗೆ ಸುರಿಯುವ ಶಿಲೀಂಧ್ರನಾಶಕ ಕಾರ್ಬೆಂಡಜಿಂ. ಎಲೆಕೋಸು, ಸಾಸಿವೆ ಬೇರುಗಳು ಮೈಕೊರೈಜಾ ಕಟ್ಟುವುದೇ ಇಲ್ಲ, ಅಲ್ಲಿ ಹಣ ಹಾಕಬೇಡಿ.

ಮೈಕೊರೈಜಾ ಬೇರಿನೊಳಗೆ ನೆಲೆಸಿದೆಯೇ ಎಂದು ಬರಿಗಣ್ಣಿಗೆ ಕಾಣದು. ಕಾಲೇಜಿನ ಮೈಕ್ರೋಸ್ಕೋಪು ಸಿಕ್ಕರೆ ಪರೀಕ್ಷೆ ಕಷ್ಟವಿಲ್ಲ: ತೊಳೆದ ಸಣ್ಣ ಬೇರುಗಳನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಣ್ಣ ಹೋಗುವವರೆಗೆ ಕುದಿಸಿ (ಕೈಗವಸು, ಕನ್ನಡಕ ಇರಲಿ, ಚರ್ಮ ಸುಡುತ್ತದೆ), ತೊಳೆದು, ಶೇ. 5ರಷ್ಟು ಪೆನ್ನಿನ ಶಾಯಿ ಬೆರೆಸಿದ ವಿನೆಗರ್‌ನಲ್ಲಿ ಮೂರು ನಿಮಿಷ ಕುದಿಸಿ. ಆಮೇಲೆ ಎರಡು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡಿ. ತೆಳು ಬೇರಿನ ಜೀವಕೋಶದೊಳಗೆ ಶಾಯಿ ಹಿಡಿದ ಪುಟ್ಟ ಪೊದೆಗಳು ಕಂಡರೆ ಪೊಟ್ಟಣ ಒಳ್ಳೆಯದು.

ಟ್ರೈಕೋಡರ್ಮಾ ಮುಖ್ಯವಾಗಿ ರೋಗದ ಶಿಲೀಂಧ್ರದ ವೈರಿ. ಸಸಿ ಕೊಳೆತು ಬೀಳುವ ಕಡೆ, ಸೊರಗು ಬರುವ ಹೊಲದಲ್ಲಿ ಮೊದಲ ಆಯ್ಕೆ ಇದೇ. ಎಲೆ ತಿನ್ನುವ ಹುಳುವಿನ ವಿರುದ್ಧವೂ ಗಿಡವನ್ನು ಎಚ್ಚರಿಸಬಲ್ಲದು, ಆದರೆ ಶಿಲೀಂಧ್ರದ ತಳಿಯಿಂದ ತಳಿಗೆ ವ್ಯತ್ಯಾಸ ದೊಡ್ಡದು. ಹುಳುವಿಗಾಗಿಯೇ ಇದನ್ನು ಕೊಳ್ಳುವುದು ಬೇಡ. 1 ಕೆ.ಜಿ.ಯನ್ನು 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ, ವಾರಕ್ಕೊಮ್ಮೆ ತಿರುವಿದರೆ ಹದಿನೈದು ದಿನದಲ್ಲಿ ಬಿಳಿ ಎಳೆ, ಮೇಲೆ ಹಸಿರು ಪುಡಿ ಏಳುತ್ತದೆ. ಏನೂ ಏಳದಿದ್ದರೆ ಗೊಬ್ಬರ ಒಣಗಿದೆ, ಇಲ್ಲವೇ ಅವಧಿ ಮೀರಿದ ಪುಡಿ.

ಮೆಟಾರೈಜಿಯಂ ನೇರವಾಗಿ ಕೀಟವನ್ನೇ ಕೊಲ್ಲುತ್ತದೆ. ಬೀಜಕ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳಗೆ ಇಳಿಯುತ್ತದೆ. ಸತ್ತ ಗೊಣ್ಣೆಹುಳು (ಮಣ್ಣಿನಲ್ಲಿದ್ದು ಬೇರು ತಿನ್ನುವ ಹುಳು) ಕೊಳೆಯುವುದಿಲ್ಲ: ಗಟ್ಟಿಯಾಗಿ, ಮೊದಲು ಬಿಳಿ ಬೂಸ್ಟು ಹೊದ್ದು, ಆಮೇಲೆ ಕಡು ಹಸಿರಾಗುತ್ತದೆ. ಇದರ ಕೆಲವು ಪ್ರಭೇದಗಳು ಬೇರಿನ ಸುತ್ತಲೂ ನೆಲೆಸುತ್ತವೆ. ಕೊಂದ ಹುಳುವಿನ ಸಾರಜನಕವನ್ನು ಗಿಡಕ್ಕೆ ದಾಟಿಸುತ್ತವೆಂದು ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದರು. ಎಕರೆಗೆ 2 ಕೆ.ಜಿ.ಯನ್ನು 200 ಕೆ.ಜಿ. ಗೊಬ್ಬರದೊಂದಿಗೆ, ಮುಂಗಾರಿನ ಹಸಿ ಮಣ್ಣಿಗೆ, ಹುಳು ಇನ್ನೂ ಮರಿಯಾಗಿರುವಾಗ, ಸಂಜೆ ಹಾಕಿ ಮಣ್ಣು ಮುಚ್ಚಿ. ಒಣ ನೆಲಕ್ಕೆ ಅಥವಾ ಉರಿಬಿಸಿಲಿಗೆ ಹಾಕಿದ್ದು ವ್ಯರ್ಥ.

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಟೊಮೆಟೊ ಪಕ್ಕದಲ್ಲೇ ಹಿಪ್ಪುನೇರಳೆ ಇರುತ್ತದೆ. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗ ಬರುವುದು ಬ್ಯುವೇರಿಯಾ ಎಂಬ ಕೀಟ ಕೊಲ್ಲುವ ಇನ್ನೊಂದು ಶಿಲೀಂಧ್ರದಿಂದ, ಮೆಟಾರೈಜಿಯಂ ಕೂಡ ಆ ಹುಳುವನ್ನು ಬಿಡದು. ಎರಡನ್ನೂ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಸಿಂಪಡಿಸಬೇಡಿ, ಹಾಕಿದ ಕೈಯಲ್ಲಿ ಹುಳು ಸಾಕುವ ಮನೆಗೆ ಹೋಗಬೇಡಿ.

ಒಂದಕ್ಕಷ್ಟೇ ದುಡ್ಡಿದ್ದರೆ, ಸೊರಗು ಇರುವ ಹೊಲಕ್ಕೆ ಟ್ರೈಕೋಡರ್ಮಾ, ಗೊಣ್ಣೆಹುಳು ಸಿಕ್ಕುವ ಮಣ್ಣಿಗೆ ಮೆಟಾರೈಜಿಯಂ, ಉಳಿದೆಡೆ ಟ್ರೇಯಲ್ಲೇ ಮೈಕೊರೈಜಾ. ಟ್ರೈಕೋಡರ್ಮಾ, ಮೆಟಾರೈಜಿಯಂ ಎರಡನ್ನೂ ಕೊಡುವುದಾದರೆ ಒಂದೇ ಗೊಬ್ಬರದ ಗುಡ್ಡೆಯಲ್ಲಿ ಬೆಳೆಸಬೇಡಿ. ಟ್ರೈಕೋಡರ್ಮಾ ವೇಗವಾಗಿ ಹಬ್ಬಿ ಮತ್ತೊಂದನ್ನು ಅದುಮಿಬಿಡುತ್ತದೆ.